ಹಂಡೆ ಉಕ್ಕುವ ಹೊತ್ತು

ಟಿಣ್ ಟಿಣ್, ಮತ್ತೆ ಶುರುವಾಯಿತು, ಚರ್ಚಿನ ಹಿತ್ತಲಲ್ಲಿ ಊರಿಗೆ ಊರೇ ನೆರೆದು ಇಷ್ಟು ಗದ್ದಲ ಮಾಡುತ್ತಿದ್ದರೂ ಸಿಗ್ನೆಯ ಕಿವಿಗೆ ಅದೊಂದೇ, ಕಾಫಿಯ ತಗಡಿನ ಲೋಟಕ್ಕೆ ಗಂಡ ಹಾಲ್ವರನ ಮದುವೆ ಉಂಗುರ ಬಡಿಯುವ ಸದ್ದು, ಬಲಗೈ ಉಂಗುರ, ನಾರ್ವೆಯಿಂದ ಬಂದ ಅಜ್ಜಂದಿರ ಕಾಲದಿಂದ ಅವರ ಮನೆಯಲ್ಲಿ ಬಲಗೈಗೇ ತೊಡುವುದು, ನಡುಗುವುದೂ ಆ ಕೈಯೇ ಆಗಬೇಕಿತ್ತೇ — ಗಾಳಿ ಸರೋವರದ ಕಡೆಯಿಂದ ಬೀಸುತ್ತಿದೆ, ಇಲ್ಲ, ತಿರುಗಿತು, ಹೊಗೆ ಈಗ ಮೇಜುಗಳ ಕಡೆಗೆ, ಹಂಡೆಯಲ್ಲಿ ಆಲೂಗಡ್ಡೆ ಕುಣಿಯುತ್ತಿದೆ, ಈರುಳ್ಳಿ ಬಿದ್ದಾಯಿತು, ಹಾಲ್ವರ್ ಲೋಟ ಕೆಳಗಿಟ್ಟು ಉಪ್ಪು ಸುರಿಯುತ್ತಿದ್ದಾನೆ, ಅಣ್ಣಾ, ಸಾಕು ಕಣೋ, ಸರೋವರ ಸಮುದ್ರ ಆಗ್ಬಿಡುತ್ತೆ, ಎಂದು ನಾದಿನಿ ವೆರ್ನಾ ಪ್ರತಿ ಬೇಸಿಗೆ ಹೇಳುವುದನ್ನೇ ಹೇಳುತ್ತಾಳೆ, ಉಪ್ಪಿಲ್ದೆ ಮೀನಿನ ಎಣ್ಣೆ ಮೇಲಕ್ಕೆ ಬರೋದು ಹೇಗೆ, ನಿನ್ ತಲೆ, ಎಂದು ಅವನೂ ಹಳೆಯ ಉತ್ತರವನ್ನೇ ಕೊಡುತ್ತಾನೆ, ಜನ ನಗುತ್ತಾರೆ, ಎಲ್ಲ ಮಾಮೂಲಿನಂತೆ, ಇನ್ನು ಬಿಳಿಮೀನಿನ ತುಂಡುಗಳು ಬೀಳಬೇಕು, ಬೆಂದ ಹೊತ್ತಿಗೆ ಆ ಎಣ್ಣೆ ಬೂದು ನೊರೆಯಾಗಿ ಮೇಲೆ ನಿಲ್ಲಬೇಕು, ಆಗ ಒಲೆಗೆ ಸೀಮೆಎಣ್ಣೆ ಎರಚಬೇಕು, ಬೆಂಕಿ ಹಂಡೆಗಿಂತ ಎತ್ತರಕ್ಕೆ ಎದ್ದು ನೀರು ಉಕ್ಕಿ ನೊರೆಯನ್ನೆಲ್ಲ ಹೊರಕ್ಕೆ ಚೆಲ್ಲಬೇಕು, ಅದಕ್ಕೇ ಜನ ಕಾಯುವುದು, ಎರಚುವವನು ಹಾಲ್ವರ್, ಅವನಪ್ಪ ಕೈಬಿಟ್ಟ ಮೇಲೆ ಬೇರೆ ಯಾರೂ ಎರಚಿದ್ದಿಲ್ಲ. ಇವತ್ತು ಅವನ ಡಬ್ಬಿಯಲ್ಲಿರುವುದು ಸೀಮೆಎಣ್ಣೆಯಲ್ಲ, ನೀರು.

ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಶೆಡ್ಡಿಗೆ ಹೋಗಿ ತಾನೇ ಬದಲಿಸಿದ್ದು, ಸೀಮೆಎಣ್ಣೆಯನ್ನು ಬೇರೆ ಕ್ಯಾನಿಗೆ ಬಗ್ಗಿಸಿ ಕಾರಿನ ಡಿಕ್ಕಿಯಲ್ಲಿ ಕಂಬಳಿ ಮುಚ್ಚಿ ಇಟ್ಟದ್ದು, ಡಬ್ಬಿಗೆ ನಲ್ಲಿಯ ನೀರು ಹಿಡಿದದ್ದು, ಕಳ್ಳಿಯ ಹಾಗೆ, ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಂದ ಮುಚ್ಚಿಟ್ಟದ್ದು ಇದೊಂದೇ — ಮತ್ತೇನು ಮಾಡಬೇಕಿತ್ತು, ಹೋದ ವಾರ ಮನೆಯ ಹಿಂದೆ ಅಭ್ಯಾಸಕ್ಕೆಂದು ಎರಚಲು ಹೋಗಿ ಅರ್ಧ ಎಣ್ಣೆಯನ್ನು ತನ್ನ ಪ್ಯಾಂಟಿಗೇ ಚೆಲ್ಲಿಕೊಂಡ, ಯಾರೂ ನೋಡಲಿಲ್ಲ ಎಂದುಕೊಂಡು ಸುತ್ತ ಕಣ್ಣಾಡಿಸಿದ, ಅವಳು ಅಡುಗೆಮನೆಯ ಕಿಟಕಿಯಲ್ಲಿದ್ದಳು, ಒಗೆದಳು, ಮತ್ತೆ ಒಗೆದಳು, ವಾಸನೆ ಹೋಗಲಿಲ್ಲ, ಅದೇ ಪ್ಯಾಂಟು ಈಗಲೂ ಅವನ ಮೈಮೇಲಿದೆ, ಮೀನು ಬೇಯಿಸುವ ದಿನ ಅದೇ ಬೇಕು ಅವನಿಗೆ. ಚಳಿ ಇಳಿಯುವಾಗ ಡಾಕ್ಟರು ಕಾಯಿಲೆಯ ಹೆಸರು ಹೇಳಿದ್ದರು, ಕೈಯಿಂದ ಶುರುವಾಗುತ್ತದೆ, ಆಮೇಲೆ ನಡಿಗೆ, ಆಮೇಲೆ, ಎಂದು ನಿಲ್ಲಿಸಿದ್ದರು, ವಾಪಸು ಬರುವಾಗ ಮನೆಯ ತಿರುವಿನಲ್ಲಿ ಅವನು, ಈ ಸಲ ಚೆರ್ರಿ ಚೆನ್ನಾಗಿ ಬರುತ್ತೆ ಕಣೇ, ಎಂದ, ಹೂಂ, ಎಂದಳು ಅವಳು, ಅಷ್ಟೇ, ಅಲ್ಲಿಂದ ಇಲ್ಲಿಯವರೆಗೆ ಕೈಯ ಸುದ್ದಿ ಅವನೂ ಎತ್ತಿಲ್ಲ, ಅವಳೂ ಎತ್ತಿಲ್ಲ.

ಮೀನು ಬಿತ್ತು. ಇನ್ನು ಹೊತ್ತಿಲ್ಲ, ಈಗಲೇ ಹೋಗಿ ಕಿವಿಯಲ್ಲಿ ಹೇಳಿಬಿಡಲೇ, ಹಾಲ್ವರ್, ಇವತ್ತು ಬೇಡ, ಡೇಲ್ ಎರಚಲಿ — ವೆರ್ನಾಳ ಮಗ ಡೇಲ್, ಎರಡು ಮಕ್ಕಳ ತಂದೆ, ಎಷ್ಟೋ ಬೇಸಿಗೆಯಿಂದ ಸೌದೆ ಒಟ್ಟುತ್ತಾ ಹಂಡೆಯೊಳಗಿನ ಮೀನಿನ ಬುಟ್ಟಿ ಎತ್ತುತ್ತಾ ಮಾವನ ಪಕ್ಕದಲ್ಲೇ ನಿಂತಿದ್ದಾನೆ, ಡಬ್ಬಿ ಕೊಡು ಮಾವ ಎಂದು ಒಂದು ದಿನವೂ ಕೇಳಿದವನಲ್ಲ — ಹೇಳಿದರೆ ಊರಿನೆದುರು ಹಾಲ್ವರನ ಮುಖ ಏನಾಗುತ್ತದೆ, ಹೇಳದಿದ್ದರೆ ನೀರು, ಪುಸ್ ಎಂದು ಹೊಗೆ, ನಗು, ಅತ್ತ ದರಿ ಇತ್ತ ಪುಲಿ, ಆದರೆ ನಗು ಸುಡುವುದಿಲ್ಲ, ಬೆಂಕಿ ಸುಡುತ್ತದೆ, ಆ ಪ್ಯಾಂಟು — ಈ ಹಾಳು ಬೆಂಕಿಯೇ ಏಕೆ ಬೇಕು, ಮೀನು ಬೇಯಿಸಲು ದಾರಿಗೆ ಬರವೇ, ಅವಳಮ್ಮ ಹಾಲಿನಲ್ಲಿ ಬೇಯಿಸುತ್ತಿದ್ದಳು, ಸಣ್ಣ ಉರಿ, ನಾಲ್ಕು ಮೆಣಸಿನ ಕಾಳು, ಮೇಲೆ ಸಬ್ಬಸಿಗೆ, ಸದ್ದೇ ಇಲ್ಲದ ಅಡುಗೆ, ಅಪ್ಪ ಟ್ರೌಟ್ ಮೀನನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಕೆಂಡದಲ್ಲಿ ಹೂಳುತ್ತಿದ್ದ, ಪೇಪರು ಬಿಡಿಸಿದರೆ ಮೀನಿನ ಚರ್ಮವೂ ಅದರ ಜೊತೆಗೇ ಬರುತ್ತಿತ್ತು, ಹೊಗೆಗೂಡಿನಲ್ಲಿ ಮೇಪಲ್ ಸೌದೆಯ ಹೊಗೆ ಹಿಡಿಸಬಹುದು, ಹಲಗೆಗೆ ಮೊಳೆ ಹೊಡೆದು ಉರಿಗೆ ಓರೆಯಾಗಿ ನಿಲ್ಲಿಸಬಹುದು, ಈ ಸಲ ಚರ್ಚಿನ ಅಡುಗೆಮನೆಯ ಓವನ್ನಿನಲ್ಲೇ ಬೆಣ್ಣೆ ಹಾಕಿ ಬೇಯಿಸೋಣವೇ ಎಂದು ಅವಳು ಕೇಳಿದಾಗ ಹಾಲ್ವರ್ ನಕ್ಕಿದ್ದ, ಓವನ್ನಲ್ಲಿಟ್ಟು ಬಾಗಿಲು ಮುಚ್ಚಿದ್ರೆ ಅದು ಅಡುಗೆ ಆಗುತ್ತೇನೇ, ಅದು ಶವಪೆಟ್ಟಿಗೆ, ಹುರಿಯೋರೂ ಅಷ್ಟೇ, ಹಿಟ್ಟು ಸವರಿ ಹಳೇ ಮೀನು ಮುಚ್ಚಿಡ್ತಾರೆ, ನಮ್ದು ಎಲ್ಲ ಬಯಲಲ್ಲೇ. ಬಯಲಲ್ಲೇ, ಅಂತೆ. ರಾತ್ರಿ ಊಟಕ್ಕೆ ಅವಳು ಮೀನನ್ನು ಹಬೆಯಲ್ಲಿ ಬೇಯಿಸಿ ಮುಳ್ಳು ತೆಗೆದು ಆಲೂಗಡ್ಡೆಯ ಜೊತೆ ಹಿಸುಕಿ ಚಮಚದಲ್ಲಿ ತಿನ್ನುವ ಹಾಗೆ ಮಾಡುತ್ತಾಳೆ, ನನಗೆ ಹಲ್ಲುನೋವು ಅದಕ್ಕೇ, ಎನ್ನುತ್ತಾಳೆ, ಅವನು ತಿನ್ನುತ್ತಾನೆ, ಚಮಚ ತಟ್ಟೆಗೆ ಬಡಿಯುತ್ತದೆ, ಟಿಣ್ ಟಿಣ್, ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾರೆ.

ನೊರೆ ಕಟ್ಟಿತು, ಹಿಂದೆ ಸರೀರಿ, ಮಕ್ಕಳನ್ನ ಹಿಡ್ಕೊಳ್ಳಿ, ಅವನ ದನಿ ಮಾತ್ರ ಹಾಗೆಯೇ ಇದೆ, ಗಂಟೆಯ ಹಾಗೆ, ಡಬ್ಬಿ ಎತ್ತಿದ, ಮುಚ್ಚಳ ತೆಗೆದ, ತೋರುಬೆರಳನ್ನು ಒಳಗೆ ಅದ್ದಿ — ಅಯ್ಯೋ, ಬೆರಳು, ಅದನ್ನು ಹೇಗೆ ಮರೆತಳು ಅವಳು, ಎರಚುವ ಮೊದಲು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಾನೆ, ಪಾಕದ ಎಳೆ ನೋಡುವವರ ಹಾಗೆ, ಅವನಪ್ಪನೂ ಹಾಗೆಯೇ ನೋಡುತ್ತಿದ್ದ, ಡಬ್ಬಿಯ ವಾಸನೆಯನ್ನು ನಂಬಬಾರದು ಬೆರಳನ್ನು ನಂಬಬೇಕು ಎಂದು — ಉಜ್ಜಿದ, ನಿಂತ, ಮತ್ತೆ ಉಜ್ಜಿದ, ತಲೆ ಎತ್ತಿ ಜನರ ಸಾಲಿನಲ್ಲಿ ಹುಡುಕಿದ, ಸಿಕ್ಕಳು, ಅವಳ ಮುಖದಲ್ಲಿ ಏನಿತ್ತೋ ಅದನ್ನು ಪೂರ್ತಿ ಓದಿದ, ಈಗ ಕೂಗುತ್ತಾನೆ, ಈಗ ಡಬ್ಬಿಯನ್ನು ಕಾಲ ಬುಡಕ್ಕೆ ಎಸೆಯುತ್ತಾನೆ, ಎಸೆಯಲಿ, ಬಯ್ಯಲಿ, ಎಲ್ಲರೆದುರಿಗೇ ಬಯ್ಯಲಿ — ಹಾಲ್ವರ್ ತೋಳು ಹಿಂದಕ್ಕೆ ಒಯ್ದ, ನಡುಗುವ ತೋಳನ್ನು ಚಿಕ್ಕವನಾಗಿದ್ದಾಗಿನ ಹಾಗೆ ಪೂರ್ತಿ ಬೀಸಿದ, ಡಬ್ಬಿಯ ನೀರೆಲ್ಲ ಒಲೆಗೆ, ಸ್ವಲ್ಪ ಪ್ಯಾಂಟಿಗೂ, ಪುಸ್ ಎಂದಿತು, ಬೂದಿ ಎದ್ದಿತು, ಹಂಡೆ ಸುಮ್ಮನೆ ಕುದಿಯುತ್ತಲೇ ಇತ್ತು, ವೆರ್ನಾ, ಇದೇನೋ ಅಣ್ಣ, ನೀರಲ್ಲಿ ಬೆಂಕಿ ಹಚ್ತಿದೀಯಾ, ಎಂದಳು, ನಗು ಎದ್ದಿತು, ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ, ವಯಸ್ಸಾಯ್ತು ಕಣಮ್ಮ, ತಪ್ಪು ಡಬ್ಬಿ ತಂದಿದೀನಿ, ಎಂದ, ನಾನೇ ತಂದದ್ದು ಎಂದ, ನಗುತ್ತಲೇ ಅಳಿಯನ ಕಡೆ ತಿರುಗಿದ, ಡೇಲ್, ನಮ್ಮ ಕಾರಿನ ಡಿಕ್ಕಿ ನೋಡು, ಸೀಮೆಎಣ್ಣೆ ಅಲ್ಲಿರುತ್ತೆ, ನಿಮ್ಮತ್ತೆ ಮೀನು ಕೆಡೋಕೆ ಬಿಡೋಳಲ್ಲ, ಬೇಗ, ತಡವಾದ್ರೆ ಮೀನು ಕರಗಿಹೋಗುತ್ತೆ, ತಂದು ನೀನೇ ಎರಚು, ಇವತ್ತಿಂದ ನೀನೇ. ಡೇಲ್ ಓಡಿದ, ಕಂಬಳಿ ಸರಿಸಿದ ಸದ್ದು ಇಲ್ಲಿಗೆ ಕೇಳಿಸಲು ಸಾಧ್ಯವಿಲ್ಲ, ಕೇಳಿಸಿತು, ಬಂದ, ಎರಚಿದ, ಬೆಂಕಿ ಎದ್ದು ನಿಂತಿತು, ಹಂಡೆ ಉಕ್ಕಿತು, ಬೂದು ನೊರೆಯೆಲ್ಲ ಹೊರಗೆ, ಚಪ್ಪಾಳೆ, ಬುಟ್ಟಿ ಮೇಲೆ ಬರುತ್ತಿದೆ, ಬೆಣ್ಣೆ ತನ್ನಿ ಬೆಣ್ಣೆ, ಅತ್ತಿಗೆ ಬೆಣ್ಣೆ ಎಲ್ಲಿ, ಎಂದು ವೆರ್ನಾ ಕೂಗುತ್ತಿದ್ದಾಳೆ, ಹೋಗಬೇಕು, ಹಾಲ್ವರ್ ಬೆಂಕಿಗೆ ಬೆನ್ನು ಹಾಕಿ ಸರೋವರದ ಕಡೆ ಮುಖ ಮಾಡಿ ಒಬ್ಬನೇ ನಿಂತಿದ್ದಾನೆ, ಕೈಯಲ್ಲಿ ಆ ಡಬ್ಬಿ, ಕೆಳಗಿಟ್ಟಿಲ್ಲ, ಖಾಲಿಯಾದದ್ದಕ್ಕೆ ಸದ್ದು ಈಗ ಹೆಚ್ಚು, ಉಂಗುರ, ತಗಡು, ಟಿಣ್ ಟಿಣ್, ಉಂಗುರ, ಟಿಣ್ —