ಬದರಿನಾಥನ ಗ್ಲಿಸರಿನ್

"ಅಳು ಎಲ್ಲಿದೆ ಮೇಡಂ, ಅಳು?" ಎಂದು ಬದರಿನಾಥ ಮತ್ತೆ ಕೇಳಿದಾಗ ಚಂದ್ರಮತಿಗೆ ಕೈಯಲ್ಲಿದ್ದ ಚಿತ್ರಕಥೆಯ ಹಾಳೆಗಳನ್ನು ಅವನ ತಲೆಗೇ ಅಪ್ಪಳಿಸೋಣ ಅನ್ನಿಸಿತು.

ಅಲ್ಲ, ಅನ್ನಿಸದೆ ಇರುತ್ತದೆಯೇ? ಮದರಾಸಿನ ಅಡ್ಯಾರಿನಲ್ಲಿ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುವ ಹೆಂಗಸು ಅವಳು. ಕಲಿತು ಹೊರಬಿದ್ದ ಹುಡುಗ ಹುಡುಗಿಯರಿಗೆ ಕೆಲಸ ಸಿಗಲಿ ಎಂದು, ಅಲ್ಲಿನ ಕನ್ನಡ ಸಂಘದವರ ಕೈಕಾಲು ಹಿಡಿದು, ಒಂದು ಕಿರುಚಿತ್ರಕ್ಕೆ ಒಪ್ಪಿಸಿ, ತಾನೇ ಕೂತು ಬರೆದಿದ್ದಳು. ಬರೆದದ್ದಾದರೂ ಎಂತದು? ಗುಣವತಿ ಎಂಬ ಹುಡುಗಿ ಅಚ್ಚಿನ ಮೊಳೆ ಜೋಡಿಸುತ್ತಾಳೆ. ಅಷ್ಟೇ. ತೆರೆಯ ಮೇಲೆ ಬರುವವಳೂ ಗುಣವತಿಯೇ, ಶಾಲೆಯ ಪುಟ್ಟ ಅಚ್ಚುಮನೆಯಲ್ಲಿ ಕಲಿತವಳು. ಅವಳ ಬೆರಳು ಪಟಪಟ ಓಡುವುದನ್ನು ಕಂಡರೆ ಯಾವ ಪ್ರೆಸ್ಸಿನವನೂ ಬಾ ಅಂದಾನು.

ಪ್ರೆಸ್ ಇಟ್ಟಿದ್ದ ರಘುರಾಮರಾಯರು ಅರ್ಧ ಒಪ್ಪಿಯೂಬಿಟ್ಟಿದ್ದರು. "ಕಿವಿ ಕೇಳದವಳು ಹೇಗೆ ಮಾಡ್ತಾಳೋ ಅಂತ ಅನುಮಾನ. ಚಿತ್ರದಲ್ಲಿ ತೋರಿಸ್ತೀರಲ್ಲ, ನೋಡ್ತೇನೆ. ಕೈ ಚುರುಕಾಗಿದ್ರೆ ಇಟ್ಕೊಳ್ತೇನೆ." ಅದು ತಿಳಿದಂದಿನಿಂದ ಗುಣವತಿಯ ಕಾಲು ನೆಲದ ಮೇಲಿರಲಿಲ್ಲ.

ಆದರೆ ಚಿತ್ರ ತೆಗೆಯಲು ಸಂಘದವರು ಗೊತ್ತುಮಾಡಿದ ಈ ಬದರಿನಾಥ! ಕೋಡಂಬಾಕ್ಕದ ಸಿನಿಮಾ ಸ್ಟುಡಿಯೋಗಳಲ್ಲಿ ಅತ್ತೆಯನ್ನೂ ಸೊಸೆಯನ್ನೂ ಅಳಿಸಿ ಪಳಗಿದ ಪ್ರಾಣಿ.

"ಬೆರಳನ್ನ ಯಾರು ನೋಡ್ತಾರೆ ಮೇಡಂ? ಮುಖ ಬೇಕು, ಮುಖ!" ಎಂದವನೇ ಕ್ಯಾಮೆರಾವನ್ನು ಗುಣವತಿಯ ಮೂಗಿನ ಹತ್ತಿರ ತಂದ. ಕಣ್ಣೀರು ಬರಲೆಂದು ಕಣ್ಣಿಗೆ ಗ್ಲಿಸರಿನ್ ಹಾಕಿಸಿದ. ಹುಡುಗಿಗೆ ತಮಾಷೆ ಅನ್ನಿಸಿ ಕಿಸಕ್ಕನೆ ನಕ್ಕಳು.

"ನಗಬಾರದು ಅಂತ ಹೇಳಿ ಮೇಡಂ!"

"ನೀನು ನಗು ಬರಿಸೋ ಕೆಲಸ ಮಾಡ್ಬೇಡ ಮಾರಾಯ!"

ಚಂದ್ರಮತಿ ಬೇಡಿದಳು, ಕೂಗಾಡಿದಳು, ಸಂಘದವರಿಗೆ ದೂರು ಕೊಟ್ಟಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಸಿನಿಮಾದವನು, ಅವನಿಗೆ ಗೊತ್ತಿರುತ್ತದೆ ಅಂದರು ಅವರು. ಕಡೆಗೆ ಗುಣವತಿಯ ಬೆರಳು ಚಿತ್ರದಲ್ಲಿ ಉಳಿದದ್ದು ಕಣ್ಣೊರೆಸಿಕೊಳ್ಳುವಾಗ ಮಾತ್ರ.

ಪ್ರದರ್ಶನದ ಸಂಜೆ ಸಂಘದ ಹಾಲಿಗೆ ಹಾಲೇ ಲೊಚಗುಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ ಪಾವಂ" ಎಂದು ತಮಿಳಿನಲ್ಲಿ ಮರುಗಿದರು. ದೀಪ ಹತ್ತಿದಾಗ ರಘುರಾಮರಾಯರು ಮೂಗೊರೆಸುತ್ತ ಬಂದು, ಮನೆಯ ಮಕ್ಕಳಿಗೆಂದು ಕಟ್ಟಿಸಿಕೊಂಡಿದ್ದ ಹಲ್ವದ ಪೊಟ್ಟಣವನ್ನು ಗುಣವತಿಯ ಕೈಗಿಟ್ಟು ತಲೆ ಸವರಿದರು.

"ಕೆಲಸದ ವಿಷಯ, ರಾಯರೆ?" ಚಂದ್ರಮತಿ ಕೇಳಿದಳು.

"ಛೆ ಛೆ, ಎಂಥ ಮಾತು! ಇಷ್ಟು ನೊಂದ ಜೀವದ ಕೈಲಿ ದುಡಿಸಿಕೊಳ್ಳೋದಾ? ದೇವರು ಮೆಚ್ಚುತ್ತಾನಾ?"

ಚಂದ್ರಮತಿಗೆ ಉರಿ ನೆತ್ತಿಗೇರಿತು. ಬದರಿನಾಥನನ್ನು ಹುಡುಕಿ ಅವನ ಕಣ್ಣಿಗೇ ಆ ಗ್ಲಿಸರಿನ್ ಸುರಿಯಬೇಕು ಅನ್ನಿಸಿತು. ಅಷ್ಟರಲ್ಲಿ ಗುಣವತಿ ಅವಳ ತೋಳು ತಟ್ಟಿದಳು. ರಾಯರ ಒದ್ದೆ ಕಣ್ಣು, ಕೈಗೆ ಬಂದ ಸಿಹಿ, ಎರಡನ್ನೂ ನೋಡಿ ಅವಳ ಮುಖ ಅರಳಿತ್ತು. ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಗಳಿಂದ ಬೇಗಬೇಗ ಏನೋ ಕೇಳಿದಳು.

"ಏನಂತೆ, ಪಾಪ?" ಎಂದರು ರಾಯರು.

"ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು ಅಂತ."

ರಾಯರ ಕರವಸ್ತ್ರ ಮೂಗಿನ ಹತ್ತಿರವೇ ನಿಂತಿತು. "ಅದು... ನೀವೇ ಸ್ವಲ್ಪ ತಿಳಿಸಿಬಿಡಿ ಮೇಡಂ."

"ಇಲ್ಲ ರಾಯರೆ," ಎಂದು ಚಂದ್ರಮತಿ ಕೈ ಕಟ್ಟಿಕೊಂಡಳು. "ನಿಮ್ಮ ಮುಖವನ್ನೇ ನೋಡ್ತಾ ಇದ್ದಾಳೆ. ನೀವೇ ಹೇಳಿ."