ಯುನಿಯೆಸ್ಕಿ ಎಡವುವ ಜಾಗ

ಆ ಭಾನುವಾರ ಮಧ್ಯಾಹ್ನ ನಾನು ಅಂಗಳಕ್ಕೆ ಬಂದದ್ದು ಯುನಿಯೆಸ್ಕಿಯನ್ನು ಡೋಲು, ಹಾಡು, ಕುಣಿತದ ನಮ್ಮ ರುಂಬಾ ಮೇಳದಿಂದ ಹೊರಗೆ ಹಾಕುವುದಕ್ಕೆ. ಮುಚ್ಚಿಡುವುದೇನೂ ಇಲ್ಲ, ಇಡೀ ಕೇರಿಗೆ ಗೊತ್ತಿತ್ತು. ನಮ್ಮ ಮತಾನ್ಸಾಸ್ ಊರಿನಲ್ಲಿ ಗುಟ್ಟು ಅನ್ನುವುದು ಕಾಫಿ ಕುದಿಯುವಷ್ಟು ಹೊತ್ತೂ ನಿಲ್ಲುವುದಿಲ್ಲ.

ಮೂವತ್ತನಾಲ್ಕು ವರ್ಷದ ಗಂಡಸು. ತಲೆಗೆ ಅರ್ಧ ಡಬ್ಬಿ ಎಣ್ಣೆ, ಕಣ್ಣಿಗೆ ಕಪ್ಪು ಕನ್ನಡಕ, ಎದೆ ಕಾಣುವ ಹಾಗೆ ಅಂಗಿ. ಕಿಂತೊ ನಮ್ಮ ಮೂರು ಡೋಲುಗಳಲ್ಲಿ ಚಿಕ್ಕದು, ಕುಣಿಯುವವನ ಜೊತೆ ಮಾತಾಡುವ ಡೋಲು. ಅದರ ಮುಂದೆ ಕೂತರೆ ಇವನ ಕೈ ಕಾಣುವುದೇ ಇಲ್ಲ, ಅಷ್ಟು ವೇಗ. ವರದೆರೊ ಕಡಲತೀರದಿಂದ ಬಸ್ಸಿನಲ್ಲಿ ಬರುವ ಪ್ರವಾಸಿಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟುತ್ತಾರೆ. ಅವರಿಗೆ ವೇಗವೇ ವಿದ್ಯೆ. ಹೊಲಿಗೆ ಯಂತ್ರ ತಂದು ಕೂರಿಸಿದರೂ ತಟ್ಟುತ್ತಿದ್ದರು, ಮಣ್ಣಂಗಟ್ಟಿಗಳು.

ದೊಡ್ಡ ವಾದಕ ಯಾರು ಅಂತ ತಿಳಿಯಬೇಕಾದರೆ ಅವನು ಎಲ್ಲಿ ಹೊಡೆಯದೆ ಬಿಟ್ಟ ಅನ್ನುವುದನ್ನು ಕೇಳಬೇಕು. ನಮ್ಮ ಎವೆಲಿಯೊನನ್ನೇ ನೋಡಿ. ನಲವತ್ತೊಂದು ವರ್ಷದಿಂದ ದೊಡ್ಡ ಡೋಲಿನ ಹಿಂದೆ ಕೂತಿದ್ದಾನೆ, ತಾಳದ ಒಂದು ಸುತ್ತಿನಲ್ಲಿ ಎರಡೇ ಪೆಟ್ಟು. ಆ ಎರಡು ಪೆಟ್ಟಿನ ನಡುವೆ ಕುಣಿಯುವವನು ಒಂದು ಸಂಸಾರ ಹೂಡಬಹುದು. ಆಸಾಮಿ ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಇನ್ನು ನಾನು, ಮಿಗ್ದಾಲಿಯ. ನನ್ನ ಕೈಯಲ್ಲಿ ಒಂದಕ್ಕೊಂದು ತಟ್ಟುವ ಎರಡು ತುಂಡು ಕೋಲು. ಮೂರು ಪೆಟ್ಟು, ಆಮೇಲೆ ಎರಡು. ಮತ್ತೆ ಮೂರು, ಮತ್ತೆ ಎರಡು. ಅಷ್ಟೇ ಕೆಲಸ. ಆದರೆ ಡೋಲು, ಹಾಡು, ಕುಣಿತ ಎಲ್ಲವೂ ಆ ಕೋಲು ಹೇಳಿದಂತೆ ಕೇಳಬೇಕು. ಮೂರು ಬರಬೇಕಾದಲ್ಲಿ ಎರಡು ಬಂದರೆ 'ಅಡ್ಡವಾಯಿತು' ಅನ್ನುತ್ತೇವೆ. ನಮ್ಮಲ್ಲಿ ಹೆಂಡತಿ ಬಿಟ್ಟು ಓಡಿಹೋದವನಿಗೂ ಕ್ಷಮೆ ಉಂಟು, ಅಡ್ಡ ಹೊಡೆದವನಿಗೆ ಇಲ್ಲ.

ಈ ಯುನಿಯೆಸ್ಕಿ ಒಂದು ವರ್ಷದಿಂದ ಎಡವುತ್ತಿದ್ದ. ಹಾಡಿನ ನಡುವೆ ಇದ್ದಕ್ಕಿದ್ದಂತೆ ಅರ್ಧ ಸುತ್ತು ಪೆಟ್ಟುಗಳನ್ನು ಡರ್ರೆಂದು ಎಳೆಯುತ್ತಾನೆ. ಅವನ ಹಿಂದೆ ಎವೆಲಿಯೊ ಮುಗ್ಗರಿಸುತ್ತಾನೆ, ಹಾಡುವ ಮಾಯೆಲಿನ್ ಒಂದು ಉಸಿರು ಹೆಚ್ಚು ತಗೊಳ್ಳುತ್ತಾಳೆ. ಆಮೇಲೆ ಸರಿಹೋಗುತ್ತದೆ. ಬಸ್ಸಿನವರಿಗೆ ಗೊತ್ತಾಗುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ.

"ತಗೊಳ್ಳೇ," ಅಂತ ಕೋಲನ್ನು ಮಾಯೆಲಿನ್ ಕೈಗೆ ಹಾಕಿದೆ. "ಇವತ್ತು ನಾನು ಬರೀ ಕೇಳ್ತೀನಿ. ಈ ಸಾಹೇಬ್ರು ಎಲ್ಲಿ ಎಡವ್ತಾರೆ ಅಂತ ಎಲ್ರ ಎದುರಿಗೇ ತೋರಿಸ್ತೀನಿ. ತೋರಿಸಿದ ಮೇಲೆ ಎದ್ದು ಹೋಗ್ತಾ ಇರ್ಬೇಕು."

"ಆಯ್ತು ಚಿಕ್ಕಮ್ಮ," ಅಂದ ಯುನಿಯೆಸ್ಕಿ, ಕನ್ನಡಕ ತೆಗೆಯದೆ.

"ಚಿಕ್ಕಮ್ಮನಂತೆ ಚಿಕ್ಕಮ್ಮ! ಕೈ ತೊಳ್ಕೊಂಡು ಕೂತ್ಕೊ. ತಲೇಲಿರೋ ಎಣ್ಣೆ ಎಲ್ಲ ಡೋಲಿಗೆ ಬಳಿದೀಯ."

ಜನ ನಕ್ಕರು. ಬೆಂಚಿನ ಮೇಲೆ ಕೂತಿದ್ದ ಬಸ್ಸಿನವರು ಏನೂ ತಿಳಿಯದೆಯೇ ನಕ್ಕರು. ಅವನೂ ನಕ್ಕ, ನಾಚಿಕೆಗೆಟ್ಟವನು.

ಒಂದು ಹಾಡು ಮುಗಿಯಿತು. ಎಡವಲಿಲ್ಲ. ಎರಡನೆಯದೂ ಮುಗಿಯಿತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಾರಿಸಿದ. ಕುಣಿಯುವವನು ಭುಜ ಅಲ್ಲಾಡಿಸುವ ಮೊದಲೇ ಇವನ ಪೆಟ್ಟು ಅಲ್ಲಿ ಕಾದು ಕೂತಿರುತ್ತಿತ್ತು. ಒಂದು ಕಡೆ ಕೈ ಎತ್ತಿದವನು ಹೊಡೆಯದೆ ಬಿಟ್ಟ, ನನ್ನ ಮೈ ಜುಮ್ಮೆಂದಿತು. ಅದರಿಂದ ಸಿಟ್ಟು ಇನ್ನೂ ಏರಿತು.

"ನಾನು ಎದುರಿಗೆ ಕೂತಿದೀನಲ್ಲ, ಹೆದರ್ಕೊಂಡು ಬಾರಿಸ್ತಿದಾನೆ," ಅಂದೆ.

ಆಗ ಎವೆಲಿಯೊ ಬಾಯಿ ಬಿಟ್ಟ. "ಹಂಗಾದ್ರೆ ಕೋಲು ನೀನೇ ತಗೊ, ಮಿಗ್ದಾಲಿಯ."

"ಬೇಡ ಮಾವ," ಅಂದಳು ಮಾಯೆಲಿನ್ ಅವನಿಗೆ, ಮೆಲ್ಲಗೆ. ಯಾಕೆ ಬೇಡ ಅಂತ ನಾನು ಯೋಚಿಸಲೂ ಇಲ್ಲ. ಅವಳ ಕೈಯಿಂದ ಕೋಲು ಕಿತ್ತುಕೊಂಡೆ.

ಮೂರನೆಯ ಹಾಡು ಅರ್ಧ ದಾಟಿತ್ತು. ಡರ್ರೆಂದು ಎಳೆದ!

"ನಿಲ್ಸಿ!" ಅಂತ ಕೂಗಿದೆ. "ಕೇಳಿದ್ರಾ? ನಿಮ್ಗೆಲ್ಲ ಕಿವಿ ಅನ್ನೋದು ಇದೆಯೋ ಇಲ್ವೋ?"

ಯಾರೂ ನನ್ನ ಮುಖ ನೋಡಲಿಲ್ಲ. ಮಾಯೆಲಿನ್ ತನ್ನ ಚಪ್ಪಲಿ ನೋಡುತ್ತಿದ್ದಳು. ಪಕ್ಕದ ಮನೆಯವಳು ಕೋಳಿ ಓಡಿಸಲು ಎದ್ದಳು. ಅಲ್ಲಿ ಕೋಳಿಯೇ ಇರಲಿಲ್ಲ.

ಯುನಿಯೆಸ್ಕಿ ಕನ್ನಡಕ ತೆಗೆದ. "ನಂದೇ ತಪ್ಪು ಚಿಕ್ಕಮ್ಮ. ಎಡವಿಬಿಟ್ಟೆ. ನಾನು ಹೊರಡ್ತೀನಿ," ಅಂದು ಎದ್ದು ನಿಂತ.

ಅಲ್ಲಿ ನನಗೆ ಅನುಮಾನ ಬಂತು. ಇವನು ಹುಟ್ಟಿದಾಗಿನಿಂದ ಒಂದು ತಪ್ಪು ಒಪ್ಪಿಕೊಂಡವನಲ್ಲ. ಬೈಸಿಕಲ್ಲನ್ನು ಗೋಡೆಗೆ ಗುದ್ದಿದಾಗ ಗೋಡೆ ಕಟ್ಟಿದವನನ್ನು ಬೈದವನು. ಈಗ ಕಿಂತೊ ಬಿಟ್ಟು ಹೊರಟಿದ್ದಾನೆ. ಮಾಯೆಲಿನ್ ಕೋಲು ಹಿಡಿದಿದ್ದ ಎರಡು ಹಾಡಲ್ಲಿ ಒಂದು ಸಲವೂ ಎಡವಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗಲೇ.

"ಎವೆಲಿಯೊ, ಅಡ್ಡ ಹೊಡೆದದ್ದು ಯಾರು?"

"ಕೋಲು ಯಾವ ಕಡೆ ತಿರುಗುತ್ತೋ ಡೋಲೂ ಆ ಕಡೆ ತಿರುಗ್ಬೇಕಲ್ವೇನೇ."

"ನೆಟ್ಟಗೆ ಹೇಳೋ!"

ಅವನು ಡೋಲಿನ ಚರ್ಮ ಸವರುತ್ತ ಹೇಳಿದ: "ನಿನ್ನ ಕೈ ಒಂದೊಂದ್ಸಲ ನಿಂತುಬಿಡುತ್ತೆ, ಮಾರಾಯ್ತಿ. ಮತ್ತೆ ಶುರು ಮಾಡುವಾಗ ಎರಡರ ಜಾಗದಲ್ಲಿ ಮೂರು ಹಾಕ್ತೀಯ. ಇವನು ಎಳೆದು ನಮ್ಮನ್ನೆಲ್ಲ ನಿನ್ನ ಕಡೆ ತಿರುಗಿಸ್ತಾನೆ. ಒಂದು ವರ್ಷ ಆಯ್ತು."

ಕೈ ನಿಂತದ್ದು ನನಗೆ ಗೊತ್ತೇ ಇಲ್ಲ. ಆ ಹೊತ್ತು ನಾನು ಎಲ್ಲಿಗೆ ಹೋಗಿರುತ್ತೇನೆ? ಮೂರು ಡೋಲು, ಒಂದು ಹಾಡು, ಎಲ್ಲವನ್ನೂ ಅರ್ಧ ಸುತ್ತಿನಲ್ಲಿ, ಕುಣಿಯುವವನ ಹೆಜ್ಜೆ ತಪ್ಪದ ಹಾಗೆ ಹೊರಳಿಸುವ ಕೈಯನ್ನು ನಾನು ನನ್ನ ಜನ್ಮದಲ್ಲಿ ಇನ್ನೊಂದು ಕೇಳಿಲ್ಲ. ಅಂಥದ್ದನ್ನು ಒಂದು ವರ್ಷ ಕೇಳಿ ಎಡವಟ್ಟು ಅಂದೆ. ಥೂ, ನನ್ನ ಕಿವಿಗಿಷ್ಟು!

"ಕೂತ್ಕೊಳ್ಳೋ," ಅಂದೆ ಯುನಿಯೆಸ್ಕಿಗೆ. "ಒಂದು ಸುಳ್ಳು ಹೇಳಕ್ಕೂ ನೆಟ್ಟಗೆ ಬರಲ್ಲ ನಿನಗೆ. ಕೂತ್ಕೊಂಡು ಬಾರಿಸು."

ಕೋಲನ್ನು ಮಾಯೆಲಿನ್‌ಗೆ ಕೊಟ್ಟು, ಹೋಗಿ ಬೆಂಚಿನ ಮೇಲೆ ಬಸ್ಸಿನವರ ಪಕ್ಕ ಕೂತೆ. ಹಾಡು ಶುರುವಾಯಿತು. ಬೆಂಚಿನವರೆಲ್ಲ ಚಪ್ಪಾಳೆ ತಟ್ಟಿದರು, ಅವರಿಗೆ ತೋಚಿದ ಜಾಗದಲ್ಲಿ, ಖುಷಿಯಿಂದ. ಪಕ್ಕದ ಕೆಂಪು ಮುಖದ ಹೆಂಗಸು ನೀವೂ ತಟ್ಟಿ ಅಂತ ಸನ್ನೆ ಮಾಡಿದಳು. ನಾನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಈ ಕೈ ಮತ್ತೆ ಎಲ್ಲಿ ನಿಂತುಬಿಡುತ್ತದೋ ಅಂತ ನನಗೆ ಹೆದರಿಕೆಯಾಗಿತ್ತು.