ಬೆವರಿದಷ್ಟೂ ಒಳ್ಳೇದು

"ಉಸಿರು ಕಟ್ತಿದೆ ಅತ್ತೆ, ಕಿಟಕಿ ತೆಗೀರಿ."

"ಬಾಣಂತಿಗೆ ಗಾಳಿ ಸೋಕಿದ್ರೆ ಮೂಳೇಲಿ ಹೋಗಿ ಕೂರತ್ತೆ ಮಗಾ. ಬೆವರಿದಷ್ಟೂ ಒಳ್ಳೇದು," ಎನ್ನುತ್ತ ಮಲ್ಸುನ್ ಸೊಸೆ ಹೇರಾನಳ ಗಲ್ಲದವರೆಗೂ ರಜಾಯಿ ಎಳೆದಳು. ಹೆತ್ತು ಹನ್ನೊಂದು ದಿನ. ಅಡಿಯಿಂದ ಉರಿ ಹಾಕಿ ಕಾಯಿಸಿದ ನೆಲ ಅಂಗಾಲು ಸುಡುತ್ತಿತ್ತು. ಮಲ್ಸುನ್ ತಾನೇ ಕೊಯ್ದು ಒಣಗಿಸಿದ ಕಡಲಪಾಚಿಯ ಸಾರು ಮೂರು ಹೊತ್ತೂ ಆಗುತ್ತಿತ್ತು. ಮೊದಲ ಬಟ್ಟಲು ಹೆರಿಗೆ ಕಾಯುವ ದೇವತೆ ಸಂಸಿನ್ ಅಜ್ಜಿಗೆ, ಎರಡನೆಯದು ಸೊಸೆಗೆ. ಆ ದೇವತೆಯ ಮುಂದೆ ಅಂಗೈಗೆ ಅಂಗೈ ತಿಕ್ಕಿ ಬೇಡಿದ್ದೂ ಬೇಡಿದ್ದೇ. ಆದರೂ ಹೇರಾನ್ ಬೆಳಗಿನ ಸಾರನ್ನೆಲ್ಲ ಕಾರಿಕೊಂಡಿದ್ದಳು.

ಹೊರಗೆ ದ್ವೀಪದ ದಾದಿ ಓಕ್‌ಬುನ್ ಕೂಗಿದಳು. ಮಗು ಹುಟ್ಟಿದ ಮನೆಯ ಬಾಗಿಲಿಗೆ ಅಡ್ಡ ಕಟ್ಟಿದ ಹುಲ್ಲುಹಗ್ಗವನ್ನು ಇಪ್ಪತ್ತೊಂದು ದಿನ ಹೊರಗಿನವರು ಯಾರೂ ದಾಟುವಂತಿಲ್ಲ.

"ಮಗು ತೂಕ ನೋಡ್ಬೇಕಿತ್ತು ಅಜ್ಜಿ."

"ಇನ್ನು ಹತ್ತು ದಿನ ಬಿಟ್ಟು ಬಾರೇ. ಹಸೀ ಬಾಣಂತಿ, ನಡುಗ್ತಾಳೆ, ಮಗೂನ ತೋರಿಸಿದ್ರೆ ಇದ್ಯಾರದು ಅಂತಾಳೆ."

ಓಕ್‌ಬುನ್ ಹಗ್ಗದವರೆಗೂ ನುಗ್ಗಿದಳು. "ಥೈರಾಯ್ಡ್ ತಗ್ಗಿಸೋ ಮಾತ್ರೆ ನುಂಗ್ತಿದಾಳಾ?"

"ಹಾಲಿಗೆ ಇಳಿಯತ್ತೆ ಅಂತ ನಾನೇ ಎತ್ತಿಟ್ಟೆ."

"ಹಾಲು ಕುಡಿಸೋರೂ ನುಂಗೋ ಮಾತ್ರೆ ಅಜ್ಜಿ ಅದು! ಹಗ್ಗ ಬಿಚ್ಚಿ."

"ಬಿಚ್ಚಿದ್ರೆ ಮಗೂಗೆ ಕೇಡು—"

"ಬಿಚ್ಚದಿದ್ರೆ ಮಗೂಗೆ ತಾಯೇ ಇರಲ್ಲ."

ಮಲ್ಸುನ್ ಗೋಡೆಗೆ ಸಿಕ್ಕಿಸಿದ್ದ ಪಾಚಿ ಕೊಯ್ಯುವ ಕುಡುಗೋಲು ಕಿತ್ತು ಹಗ್ಗಕ್ಕೆ ಬೀಸಿದಳು.

ಆಸ್ಪತ್ರೆಗೆ ಹೊರಟ ದೋಣಿ ಆಚೆ ದಡ ಮುಟ್ಟುವಷ್ಟರಲ್ಲಿ ಹೇರಾನ್ ಮಾತು ನಿಲ್ಲಿಸಿದ್ದಳು. ಜ್ವರ ನಲವತ್ತೂವರೆ ಸೆಲ್ಸಿಯಸ್, ನಾಡಿ ನೂರ ಅರವತ್ತು ದಾಟಿತ್ತು. ಡಾಕ್ಟರು ಮಾತ್ರೆ ಅರೆದು ಮೂಗಿನ ನಳಿಕೆಯಲ್ಲಿ ಇಳಿಸಿದರು, ಎದೆಬಡಿತಕ್ಕೆ ಸೂಜಿ ಚುಚ್ಚಿದರು.

"ಮಾತ್ರೆ ನಿಲ್ಲಿಸಿದ್ದಕ್ಕೇ ಥೈರಾಯ್ಡ್ ಮಿತಿಮೀರಿ ಬೆಂಕಿ ಹೊತ್ತಿದೆ. ಪಾಚೀಲಿರೋ ಅಯೋಡಿನ್ ಅದಕ್ಕೆ ಎಣ್ಣೆ ಸುರೀತು. ಇನ್ನೊಂದು ಗಂಟೆ ಕಳೀಲಿ, ಅದೇ ಅಯೋಡಿನ್ ಹನಿ ಕೊಡ್ತೀವಿ."

"ಅದನ್ನೇನಾ?" ಎಂದಳು ಮಲ್ಸುನ್.

"ಅದನ್ನೇ. ಮೊದಲು ಮಾತ್ರೆ ಥೈರಾಯ್ಡ್ ಬಾಗಿಲು ಮುಚ್ಚಬೇಕು, ಆಮೇಲೆ ಅದು ಬೀಗ ಹಾಕತ್ತೆ. ಹಿಂದುಮುಂದಾಗಬಾರದು."

"ಉಳೀತಾಳಾ?"

ಡಾಕ್ಟರು ಗಡಿಯಾರ ನೋಡಿದರು. "ಕಂಕುಳಿಗೆ ಐಸ್ ಇಡೀಮ್ಮ. ಮೈ ತಣ್ಣಗಾಗ್ಬೇಕು."

ಬಾಣಂತಿಗೆ ಐಸು! ಮಲ್ಸುನ್ ರಜಾಯಿ ಸರಿಸಿದಳು. ಕಿಟಕಿ ತೆರೆದೇ ಇತ್ತು. ಕಡಲ ಗಾಳಿ ನೇರ ಹಾಸಿಗೆಗೆ ಬೀಸುತ್ತಿತ್ತು. ಮುಚ್ಚಲು ಏಳಲಿಲ್ಲ. ತಿಕ್ಕಿ ತಿಕ್ಕಿ ಕೆಂಪಾಗಿದ್ದ ಎರಡು ಅಂಗೈಗಳ ನಡುವೆ ಮಂಜುಗಡ್ಡೆ ಕರಗಿ, ಹೇರಾನಳ ಪಕ್ಕೆಗುಂಟ ಹನಿಹನಿಯಾಗಿ ಇಳಿಯುತ್ತಿತ್ತು.